ದೊಡ್ಡ ಟೈರು: ಸಿಗುವ ಎತ್ತರ ಬೆರಳಿನಷ್ಟು, ಹೆಚ್ಚುವ ಹೊಣೆ ಬೆಟ್ಟದಷ್ಟು

ಕಲಬುರಗಿ: ಇಲ್ಲಿಂದ ಹುಮನಾಬಾದ್ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50ರ ಬದಿಯಲ್ಲಿ ಅರ್ಧ ಗಂಟೆ ನಿಂತು ನೋಡಿದರೆ ಸಾಕು, ಈ ಭಾಗದ ವಾಹನ ಮಾಲೀಕರ ಒಲವು ಎತ್ತ ಹೊರಳಿದೆ ಎಂಬುದು ಅರಿವಾಗುತ್ತದೆ. ಬೊಲೆರೊ, ಸ್ಕಾರ್ಪಿಯೊ, ಥಾರ್, ಸಫಾರಿ, ಫಾರ್ಚೂನರ್‌ಗಳು ಸಾಲುಗಟ್ಟಿ ಸಾಗುತ್ತವೆ. ಅವುಗಳಲ್ಲಿ ಕೆಲವು ಕಾರ್ಖಾನೆಯಿಂದ ಬಂದಾಗ ಇದ್ದುದಕ್ಕಿಂತ ದಪ್ಪನೆಯ, ಎತ್ತರದ ಟೈರುಗಳನ್ನು ತೊಟ್ಟಿರುತ್ತವೆ. ಮಡ್‌ಗಾರ್ಡಿನಿಂದ ಆಚೆಗೆ ಇಣುಕುವ ರಬ್ಬರು ಮಾಲೀಕನ ಹೆಮ್ಮೆಯ ಗುರುತು. ಆದರೆ ಆ ಹೆಮ್ಮೆಯ ಬೆಲೆ ಎಷ್ಟು ಎಂಬ ಲೆಕ್ಕವನ್ನು ಹಾಕಿದವರು ವಿರಳ.

ಟೈರು ಬದಲಿಸುವ ಉತ್ಸಾಹಕ್ಕೆ ಈಗ ಹೊಸ ಕಾರಣವೂ ಸೇರಿಕೊಂಡಿದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ದೊಡ್ಡ ಎಸ್‌ಯುವಿಗಳ ಮೇಲೆ ಸೆಸ್ ಸೇರಿ ಶೇ. 50ರಷ್ಟಿದ್ದ ತೆರಿಗೆ ಶೇ. 40ಕ್ಕೆ ಬಂದಿದೆ. ವಾಹನವೂ ತುಸು ಅಗ್ಗ, ಅದಕ್ಕೆ ತೊಡಿಸುವ ಟೈರೂ ತುಸು ಅಗ್ಗ. ಹೀಗಾಗಿ ‘ಹೇಗೂ ಬದಲಿಸುತ್ತಿದ್ದೇವೆ, ಒಂದು ಸೈಜು ದೊಡ್ಡದನ್ನೇ ಹಾಕಿಸೋಣ’ ಎಂಬ ಮಾತು ಟೈರಿನ ಅಂಗಡಿಗಳಲ್ಲಿ ಸಹಜವಾಗಿ ಕೇಳಿಬರುತ್ತದೆ. ವಾಹನದ ಮೈಯನ್ನು ಕತ್ತರಿಸದೆ, ಸಸ್ಪೆನ್ಷನ್ ಎತ್ತರಿಸದೆ, ಎಷ್ಟು ದೊಡ್ಡ ಟೈರನ್ನು ಹಾಕಬಹುದು? ಹಾಕಿದರೆ ಲಾಭವೇನು, ನಷ್ಟವೇನು?

ನೆಲದ ಗುಣ

ಪ್ರಶ್ನೆಯನ್ನು ಕಮಲಾಪುರದ ನೆಲದಲ್ಲಿಟ್ಟು ನೋಡುವುದು ಸೂಕ್ತ. ಕಲಬುರಗಿಯಿಂದ ಸುಮಾರು 35 ಕಿ.ಮೀ. ದೂರದಲ್ಲಿ, ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ಸಿಗುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಆ ಬಾಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆತಿದೆ. ಕೆಲವು ವರ್ಷಗಳ ಹಿಂದಷ್ಟೇ ತಾಲ್ಲೂಕು ಕೇಂದ್ರವಾದ ಈ ಊರಿನ ಮಧ್ಯೆ ಬೀದರ್, ಹುಮನಾಬಾದ್ ಕಡೆಯ ಭಾರಿ ವಾಹನಗಳು ಹಗಲಿರುಳು ಸಾಗುತ್ತವೆ. ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ತೊಗರಿಯ ಹೊಲಗಳು, ಬದುಗಳ ಮೇಲಿನ ಬಂಡಿದಾರಿ, ಮಳೆಗಾಲದಲ್ಲಿ ದಿಢೀರನೆ ತುಂಬುವ ಹಳ್ಳಗಳು.

ಒಂದೇ ವಾಹನ ಒಂದೇ ದಿನದಲ್ಲಿ ಮೂರು ಬಗೆಯ ನೆಲವನ್ನು ತುಳಿಯಬೇಕಾದ ಸ್ಥಿತಿ ಇಲ್ಲಿನದು. ಬೆಳಿಗ್ಗೆ ಹೆದ್ದಾರಿ, ಮಧ್ಯಾಹ್ನ ಗುಂಡಿ ಬಿದ್ದ ಹಳ್ಳಿಯ ಡಾಂಬರು, ಸಂಜೆ ಎರೆ ಭೂಮಿಯ ಕೆಸರು. ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಈ ಜಿಲ್ಲೆಗೆ ಹೊಸದಲ್ಲ. ಡಾಂಬರಿನ ಮೈ ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ಇಂಥ ಕಡೆ ಗಟ್ಟಿಮುಟ್ಟಾದ ಟೈರು ಬೇಕೆಂಬ ಬೇಡಿಕೆ ಬರಿಯ ಶೋಕಿಯಲ್ಲ ಎಂಬುದನ್ನು ಮೊದಲು ಒಪ್ಪಬೇಕು. ಆದರೆ ಗಟ್ಟಿ ಎಂಬುದೂ ದೊಡ್ಡದು ಎಂಬುದೂ ಒಂದೇ ಅಲ್ಲ. ಗೊಂದಲ ಆರಂಭವಾಗುವುದೇ ಇಲ್ಲಿಂದ.

ಟೈರಿನ ಮೈಮೇಲಿನ ಬರಹ

ಪ್ರತಿ ಟೈರಿನ ಪಕ್ಕೆಯ ಮೇಲೆ ಅದರ ಜಾತಕ ಬರೆದಿರುತ್ತದೆ. ಉದಾಹರಣೆಗೆ, ಟೊಯೊಟಾ ಫಾರ್ಚೂನರ್‌ನ ಕೆಲವು ಅವತರಣಿಕೆಗಳಲ್ಲಿ ಬರುವ 265/65 ಆರ್17 ಎಂಬ ಗಾತ್ರವನ್ನು ನೋಡಬಹುದು. 265 ಎಂದರೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 65 ಎಂದರೆ ಪಕ್ಕೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಆರ್ ಎಂದರೆ ರೇಡಿಯಲ್. 17 ಎಂದರೆ ರಿಮ್ಮಿನ ವ್ಯಾಸ, ಇಂಚುಗಳಲ್ಲಿ.

ಇದರಿಂದ ಚಕ್ರದ ಒಟ್ಟು ವ್ಯಾಸವನ್ನು ಕಂಡುಹಿಡಿಯುವುದು ಪ್ರಾಥಮಿಕ ಶಾಲೆಯ ಗಣಿತ. 265ರ ಶೇ. 65 ಎಂದರೆ ಸುಮಾರು 172 ಮಿ.ಮೀ. ಅದು ಪಕ್ಕೆಯ ಎತ್ತರ. ಮೇಲೊಂದು, ಕೆಳಗೊಂದು ಪಕ್ಕೆ ಇರುವುದರಿಂದ ಎರಡರಿಂದ ಗುಣಿಸಿದರೆ ಸುಮಾರು 344. ರಿಮ್ಮಿನ 17 ಇಂಚನ್ನು ಮಿಲಿಮೀಟರಿಗೆ ತಂದರೆ ಸುಮಾರು 432. ಎರಡನ್ನೂ ಕೂಡಿದರೆ 776 ಮಿ.ಮೀ.

ಅದೇ ಫಾರ್ಚೂನರ್‌ನ ಉಳಿದ ಅವತರಣಿಕೆಗಳಲ್ಲಿ 265/60 ಆರ್18 ಗಾತ್ರದ ಟೈರು ಬರುತ್ತದೆ. ಲೆಕ್ಕ ಹಾಕಿದರೆ ಅದರ ಒಟ್ಟು ವ್ಯಾಸ 775 ಮಿ.ಮೀ. ರಿಮ್ಮು ಒಂದು ಇಂಚು ದೊಡ್ಡದಾದರೂ ಚಕ್ರದ ಎತ್ತರದಲ್ಲಿ ವ್ಯತ್ಯಾಸ ಒಂದು ಮಿಲಿಮೀಟರ್ ಮಾತ್ರ! ತಯಾರಕರು ವ್ಯಾಸವನ್ನು ಎಷ್ಟು ಎಚ್ಚರದಿಂದ ಕಾಪಾಡಿಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಕಣ್ಣಿಗೆ ದೊಡ್ಡದಾಗಿ ಕಾಣುವ ಅಲಾಯ್ ಚಕ್ರದಿಂದ ವಾಹನ ಎತ್ತರವಾಗುವುದಿಲ್ಲ. ಬದಲಿಗೆ ಗುಂಡಿಯ ಏಟನ್ನು ತಡೆಯುವ ರಬ್ಬರಿನ ಪಕ್ಕೆ 172 ಮಿ.ಮೀ.ಯಿಂದ 159ಕ್ಕೆ ಇಳಿಯುತ್ತದೆ.

ಬೆರಳಿನಷ್ಟು ಎತ್ತರ

ಈಗ 17 ಇಂಚಿನ ಅದೇ ರಿಮ್ಮಿಗೆ 265/70 ಆರ್17 ಟೈರು ಹಾಕಿಸಿದರೆಂದುಕೊಳ್ಳೋಣ. ಒಟ್ಟು ವ್ಯಾಸ 803 ಮಿ.ಮೀ. ಆಗುತ್ತದೆ. ಅಂದರೆ ಹೆಚ್ಚಳ 27 ಮಿ.ಮೀ. ಆದರೆ ವಾಹನದ ಹೊಟ್ಟೆ ನೆಲದಿಂದ ಮೇಲೇರುವುದು ವ್ಯಾಸದಷ್ಟಲ್ಲ, ಅದರ ಅರ್ಧದಷ್ಟು ಮಾತ್ರ. ಏಕೆಂದರೆ ಉಳಿದರ್ಧ ಅಚ್ಚಿನ ಮೇಲ್ಭಾಗಕ್ಕೆ ಹೋಗುತ್ತದೆ. ಹೀಗಾಗಿ ನಿಜವಾಗಿ ದಕ್ಕುವ ಎತ್ತರ ಕೇವಲ 13 ಮಿ.ಮೀ. ಒಂದು ಕಿರುಬೆರಳಿನ ಅಗಲ! ಇನ್ನೂ ಮುಂದುವರಿದು 285/70 ಆರ್17 ಹಾಕಿಸಿದರೂ ಏರುವುದು 27 ಮಿ.ಮೀ.; ಎರಡು ಬೆರಳಿನಷ್ಟೂ ಇಲ್ಲ. ಅಷ್ಟಕ್ಕೆ ಮಡ್‌ಗಾರ್ಡಿನ ಒಳಪದರವನ್ನು ಕತ್ತರಿಸುವ ಪ್ರಸಂಗ ಎದುರಾಗಬಹುದು.

ಬದಲಿ ಟೈರಿನ ಒಟ್ಟು ವ್ಯಾಸ ಮೂಲ ಟೈರಿಗಿಂತ ಶೇ. 3ಕ್ಕಿಂತ ಹೆಚ್ಚು ಏರುಪೇರಾಗಬಾರದು ಎಂಬುದು ಟೈರು ಉದ್ಯಮದಲ್ಲಿ ಬಹುಕಾಲದಿಂದ ಪಾಲಿಸಿಕೊಂಡು ಬಂದ ನಿಯಮ. ಮೇಲಿನ ಮೊದಲ ಉದಾಹರಣೆಯಲ್ಲಿ ಏರಿಕೆ ಶೇ. 3.4. ಅಂದರೆ ಗೆರೆಯನ್ನು ಆಗಲೇ ದಾಟಿದಂತಾಯಿತು. ಎರಡನೆಯದರಲ್ಲಿ ಶೇ. 7. ಅದು ‘ದೊಡ್ಡ ಮಾರ್ಪಾಡು ಇಲ್ಲದೆ’ ಎಂಬ ಮಾತಿಗೆ ಹೊಂದುವುದೇ ಇಲ್ಲ.

ಮಹೀಂದ್ರ ಸ್ಕಾರ್ಪಿಯೊ-ಎನ್ ವಾಹನದ ಲೆಕ್ಕ ಇನ್ನೊಂದು ಬಗೆಯದು. ಅದರ ಕೆಳಹಂತದ ಅವತರಣಿಕೆಗಳಲ್ಲಿ 245/65 ಆರ್17 ಟೈರು. ವ್ಯಾಸ 750 ಮಿ.ಮೀ. ಮೇಲ್ದರ್ಜೆಯಲ್ಲಿ 255/60 ಆರ್18. ವ್ಯಾಸ 763 ಮಿ.ಮೀ. ಅಂದರೆ ಶೇ. 1.7ರಷ್ಟು ದೊಡ್ಡ ಚಕ್ರವನ್ನು ತಯಾರಕರೇ ಅದೇ ಮಾದರಿಗೆ ಹೊಂದಿಸಿದ್ದಾರೆ. 17 ಇಂಚಿನ ರಿಮ್ಮನ್ನೇ ಉಳಿಸಿಕೊಂಡು 255/65 ಆರ್17 ಹಾಕಿದರೂ ವ್ಯಾಸ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಪಕ್ಕೆಯ ರಬ್ಬರು ಮಾತ್ರ ಹೆಚ್ಚು. 2020ರಲ್ಲಿ ಬಂದ ಹೊಸ ಥಾರ್‌ನಲ್ಲೂ ಹೀಗೆಯೇ 245/75 ಆರ್16 ಮತ್ತು 255/65 ಆರ್18 ಎಂಬ ಎರಡು ಗಾತ್ರಗಳಿದ್ದವು. ವ್ಯಾಸದ ಅಂತರ ಶೇ. 2ನ್ನು ಮೀರಲಿಲ್ಲ.

ಇದರಿಂದ ಹೊರಡುವ ತೀರ್ಮಾನ ಸರಳ. ದೊಡ್ಡ ಟೈರು ಬೇಕೆನ್ನುವವರು ಮೊದಲು ನೋಡಬೇಕಾದುದು ಅಂಗಡಿಯ ಗೋಡೆಗೆ ತೂಗುಹಾಕಿದ ಟೈರನ್ನಲ್ಲ, ತಮ್ಮದೇ ವಾಹನದ ಮೇಲ್ದರ್ಜೆಯ ಅವತರಣಿಕೆಯನ್ನು. ಅಲ್ಲಿರುವ ಗಾತ್ರವನ್ನು ಕಂಪನಿ ಬ್ರೇಕು, ಸ್ಟೀರಿಂಗು, ಸಸ್ಪೆನ್ಷನ್‌ಗಳೊಂದಿಗೆ ಪರೀಕ್ಷಿಸಿ ಒಪ್ಪಿರುತ್ತದೆ. ಚಾಲಕನ ಬಾಗಿಲಿನ ಬಳಿ ಅಂಟಿಸಿದ ಚೀಟಿ ಮತ್ತು ವಾಹನದೊಂದಿಗೆ ಕೊಡುವ ಕೈಪಿಡಿಯಲ್ಲಿ ಆ ಗಾತ್ರಗಳೂ ಗಾಳಿಯ ಪ್ರಮಾಣವೂ ನಮೂದಾಗಿರುತ್ತವೆ.

ಮೀಟರು ಹೇಳುವ ಸುಳ್ಳು

ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ವಾಹನ ಕ್ರಮಿಸುವ ದೂರವೂ ಹೆಚ್ಚುತ್ತದೆ. ಆದರೆ ಸ್ಪೀಡೊಮೀಟರಿಗೆ ಅದು ಗೊತ್ತಿರುವುದಿಲ್ಲ. ಅದು ಹಳೆಯ ಚಕ್ರದ ಲೆಕ್ಕದಲ್ಲೇ ವೇಗ ತೋರಿಸುತ್ತದೆ. ವ್ಯಾಸ ಶೇ. 3.4 ಹೆಚ್ಚಿದರೆ, ಮೂಲದಲ್ಲಿ ನಿಖರವಾಗಿದ್ದ ಮೀಟರು 80 ತೋರಿಸುವಾಗ ವಾಹನ ಸುಮಾರು 83 ಕಿ.ಮೀ. ವೇಗದಲ್ಲಿರುತ್ತದೆ. ಶೇ. 7 ಹೆಚ್ಚಿದರೆ ಸುಮಾರು 86. ಸಾಮಾನ್ಯವಾಗಿ ಮೀಟರುಗಳನ್ನು ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸುವಂತೆ ರೂಪಿಸಿರುತ್ತಾರೆ. ಚಾಲಕನ ಸುರಕ್ಷತೆಗೆಂದು ಇಟ್ಟ ಆ ಅಂತರವನ್ನು ದೊಡ್ಡ ಟೈರು ತಿಂದುಹಾಕುತ್ತದೆ.

2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ವೇಗದ ಎಚ್ಚರಿಕೆ ಗಂಟೆ ಕಡ್ಡಾಯವಾಗಿದೆ. 80 ದಾಟಿದಾಗ ಬಿಟ್ಟುಬಿಟ್ಟು, 120 ದಾಟಿದಾಗ ಎಡೆಬಿಡದೆ ಅದು ಸದ್ದು ಮಾಡುತ್ತದೆ. ಚಕ್ರದ ಗಾತ್ರ ಬದಲಾದರೆ ಈ ಗಂಟೆಯೂ ತಡವಾಗಿ ಎಚ್ಚರಿಸುತ್ತದೆ. ದೂರ ಅಳೆಯುವ ಮೀಟರಿನ ಕಥೆಯೂ ಅಷ್ಟೇ. ಅದು 10,000 ಕಿ.ಮೀ. ಎಂದಾಗ ವಾಹನ 10,340 ಕಿ.ಮೀ. ಓಡಿರುತ್ತದೆ. ಮೈಲೇಜು ಬಿದ್ದುಹೋಯಿತು ಎಂಬ ದೂರಿನ ಒಂದು ಪಾಲು ಈ ಲೆಕ್ಕದ ದೋಷ. ಉಳಿದ ಪಾಲು ಮಾತ್ರ ನಿಜವಾದ ನಷ್ಟ. ಭಾರವಾದ, ಒರಟು ಅಚ್ಚಿನ ಟೈರನ್ನು ಉರುಳಿಸಲು ಎಂಜಿನ್ನು ಹೆಚ್ಚು ಶ್ರಮಿಸಲೇಬೇಕು.

ಇವೆಲ್ಲಕ್ಕಿಂತ ಗಂಭೀರವಾದುದು ಬ್ರೇಕಿನ ವಿಷಯ. ಬ್ರೇಕಿನ ಬಿಲ್ಲೆ ಅದೇ, ಅದನ್ನು ಹಿಡಿಯುವ ಪ್ಯಾಡು ಅದೇ; ಚಕ್ರದ ತ್ರಿಜ್ಯ ಮಾತ್ರ ಹೆಚ್ಚು. ಪೆಡಲನ್ನು ಮೊದಲಿನಷ್ಟೇ ಒತ್ತಿದರೆ ನೆಲದ ಮೇಲೆ ಬೀಳುವ ತಡೆಬಲ ವ್ಯಾಸ ಹೆಚ್ಚಿದ ಪ್ರಮಾಣದಲ್ಲೇ ತಗ್ಗುತ್ತದೆ. ಅದರ ಮೇಲೆ ಟೈರಿನ ಹೆಚ್ಚುವರಿ ಭಾರ. ಅದರ ಮೇಲೆ ಮೀಟರು ತೋರಿಸದ ಹೆಚ್ಚುವರಿ ವೇಗ. ವಾಹನ ನಿಲ್ಲಲು ಬೇಕಾಗುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ಮೂರೂ ಸೇರಿದರೆ, ಎದುರಿಗೆ ಎತ್ತಿನ ಬಂಡಿಯೋ ತೊಗರಿ ಹೇರಿದ ಟ್ರ್ಯಾಕ್ಟರೋ ಅಡ್ಡ ಬಂದಾಗ ಆ ಕೆಲವು ಅಡಿಗಳೇ ನಿರ್ಣಾಯಕವಾಗುತ್ತವೆ.

ಈ ರಸ್ತೆಗೆ ಸಾವುನೋವಿನ ನೆನಪು ಹೊಸದಲ್ಲ. 2022ರ ಜೂನ್ 3ರಂದು ಗೋವಾದಿಂದ ಹೈದರಾಬಾದ್‌ಗೆ ಮರಳುತ್ತಿದ್ದ ಖಾಸಗಿ ಬಸ್ಸು ಕಮಲಾಪುರದ ಹೊರವಲಯದಲ್ಲಿ ಸರಕು ವಾಹನಕ್ಕೆ ಡಿಕ್ಕಿಯಾಗಿ ಹೊತ್ತಿ ಉರಿದು 7 ಮಂದಿ ಸಜೀವ ದಹನವಾದರು. ಆ ದುರಂತಕ್ಕೂ ಟೈರಿನ ಗಾತ್ರಕ್ಕೂ ಸಂಬಂಧವಿಲ್ಲ. ಆದರೆ ಭಾರಿ ವಾಹನಗಳ ದಟ್ಟಣೆಯಿರುವ ಇಂಥ ಹೆದ್ದಾರಿಯಲ್ಲಿ ನಿಲ್ಲುವ ಸಾಮರ್ಥ್ಯವನ್ನು ತಾನಾಗಿ ತಗ್ಗಿಸಿಕೊಳ್ಳುವುದು ಜಾಣತನವಲ್ಲ ಎಂಬುದನ್ನು ಅದು ನೆನಪಿಸುತ್ತದೆ.

ಹಾಸಿಗೆ ಇದ್ದಷ್ಟೇ ಕಾಲು

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆ ಚಕ್ರಕ್ಕೂ ಅನ್ವಯಿಸುತ್ತದೆ. ನಿಂತ ವಾಹನದಲ್ಲಿ ಟೈರು ಸಲೀಸಾಗಿ ಹಿಡಿಯಿತೆಂದರೆ ಪರೀಕ್ಷೆ ಮುಗಿಯಿತೆಂದಲ್ಲ. ಮುಂದಿನ ಚಕ್ರ ಪೂರ್ತಿ ತಿರುಗಿದಾಗ ಒಳಪದರಕ್ಕೆ, ಕೆಸರು ತಡೆಯುವ ಪರದೆಗೆ, ಸಸ್ಪೆನ್ಷನ್‌ನ ತೋಳಿಗೆ ತಾಗುತ್ತದೆಯೇ ಎಂದು ನೋಡಬೇಕು. ಖಾಲಿ ವಾಹನದಲ್ಲಿ ತಾಗದ ಟೈರು, ಏಳು ಜನ ಕುಳಿತು ಜಾತ್ರೆಗೆ ಹೊರಟಾಗ, ಗುಂಡಿಗೆ ಇಳಿದ ಕ್ಷಣದಲ್ಲಿ ತಾಗಬಹುದು. ಹಿಮ್ಮುಖವಾಗಿ ತಿರುಗಿಸುವಾಗ, ಒಂದು ಚಕ್ರ ಬದುವಿನ ಮೇಲಿದ್ದು ಇನ್ನೊಂದು ಕೆಳಗಿದ್ದಾಗ ಪರೀಕ್ಷಿಸಿದರೆ ಮಾತ್ರ ನಿಜ ತಿಳಿಯುತ್ತದೆ.

ತಾಗುವುದನ್ನು ತಪ್ಪಿಸಲು ಕೆಲವರು ಚಕ್ರ ಮತ್ತು ಅಚ್ಚಿನ ನಡುವೆ ಸ್ಪೇಸರ್ ಎಂಬ ಲೋಹದ ಬಿಲ್ಲೆಯನ್ನಿಟ್ಟು ಚಕ್ರವನ್ನು ಹೊರಗೆ ತಳ್ಳುವುದುಂಟು. ಇಲ್ಲವೇ ಹೊರಚಾಚಿದ ಅಲಾಯ್ ಹಾಕಿಸುವುದುಂಟು. ಇದರಿಂದ ಬೇರಿಂಗಿನ ಮೇಲೆ, ಚಕ್ರದ ಬೋಲ್ಟುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಸ್ಟೀರಿಂಗಿನ ಸ್ವಭಾವವೂ ಬದಲಾಗುತ್ತದೆ. ಟೈರು ಕೂರಿಸಲು ಸ್ಪೇಸರ್ ಬೇಕಾಯಿತೆಂದರೆ ಆ ಟೈರು ಆ ವಾಹನದ್ದಲ್ಲ ಎಂದೇ ತಿಳಿಯಬೇಕು.

ಸ್ಟೆಪ್ನಿಯ ವಿಷಯವನ್ನಂತೂ ಬಹುತೇಕರು ಕೊನೆಗೆ ನೆನೆಯುತ್ತಾರೆ. ಫಾರ್ಚೂನರ್‌ನಂಥ ವಾಹನಗಳಲ್ಲಿ ಅದು ಹಿಂಭಾಗದ ಹೊಟ್ಟೆಯಡಿ ತೂಗಿರುತ್ತದೆ. ದೊಡ್ಡ ಟೈರು ಅಲ್ಲಿ ಹಿಡಿಯದೆ ಹೋಗಬಹುದು. ನಾಲ್ಕು ದೊಡ್ಡವು, ಐದನೆಯದು ಹಳೆಯದು ಎಂದಾದರೆ ಪಂಕ್ಚರ್ ಆದ ದಿನ ಒಂದೇ ಅಚ್ಚಿನ ಎರಡು ಚಕ್ರಗಳು ಬೇರೆ ಬೇರೆ ವ್ಯಾಸದವಾಗುತ್ತವೆ. ನಾಲ್ಕೂ ಚಕ್ರಕ್ಕೆ ಬಲ ಹರಿಸುವ ವಾಹನದಲ್ಲಿ ಇದು ಗೇರುಗಳ ಜೋಡಣೆಗೇ ಪೆಟ್ಟು. ಎಬಿಎಸ್‌ನಂಥ ವ್ಯವಸ್ಥೆಗಳೂ ಚಕ್ರಗಳ ವೇಗವನ್ನು ಪರಸ್ಪರ ಹೋಲಿಸಿ ಕೆಲಸ ಮಾಡುವುದರಿಂದ ಅವು ಗೊಂದಲಕ್ಕೊಳಗಾಗುತ್ತವೆ. ಆದ್ದರಿಂದ ಬದಲಿಸುವುದಾದರೆ ಐದನ್ನೂ ಬದಲಿಸಬೇಕು; ಖರ್ಚಿನ ಲೆಕ್ಕವನ್ನು ಐದರಿಂದಲೇ ಗುಣಿಸಬೇಕು.

ಗಾತ್ರಕ್ಕಿಂತ ಗುಣ ಮುಖ್ಯ

ಗಾತ್ರದ ಪಕ್ಕದಲ್ಲೇ ಮುದ್ರಿತವಾಗಿರುವ ಇನ್ನೊಂದು ಸಂಖ್ಯೆ ಟೈರು ಹೊರಬಲ್ಲ ಭಾರದ ಸೂಚ್ಯಂಕ. 112 ಎಂದರೆ ಒಂದು ಟೈರು 1,120 ಕಿಲೊ, 110 ಎಂದರೆ 1,060 ಕಿಲೊ, 107 ಎಂದರೆ 975 ಕಿಲೊ ಹೊರಬಲ್ಲದು. ಅದರ ಮುಂದಿನ ಅಕ್ಷರ ವೇಗದ ಮಿತಿ: ಎಸ್ ಎಂದರೆ ಗಂಟೆಗೆ 180 ಕಿ.ಮೀ., ಟಿ ಎಂದರೆ 190, ಎಚ್ ಎಂದರೆ 210. ಟೈರು ಎಷ್ಟೇ ದಪ್ಪ ಕಂಡರೂ ಈ ಎರಡು ಸೂಚ್ಯಂಕಗಳು ಮೂಲ ಟೈರಿಗಿಂತ ಕಡಿಮೆ ಇರಕೂಡದು. ಕುಟುಂಬದ ಏಳು ಜನ, ಅವರ ಸಾಮಾನು, ಜೊತೆಗೆ ಎರಡು ಮೂಟೆ ತೊಗರಿಬೇಳೆ ಹೇರುವ ವಾಹನಕ್ಕೆ ಇದು ಅಲಕ್ಷಿಸುವ ಮಾತಲ್ಲ.

ಅಚ್ಚಿನ ಆಯ್ಕೆಯಲ್ಲೂ ವಿವೇಕ ಬೇಕು. ಹೆದ್ದಾರಿಗೆಂದು ರೂಪಿಸಿದ ಎಚ್‌ಟಿ, ಎಲ್ಲ ನೆಲಕ್ಕೂ ಹೊಂದುವ ಎಟಿ, ಕೆಸರಿಗೆಂದೇ ಮಾಡಿದ ಎಂಟಿ ಎಂಬ ಮೂರು ಬಗೆಗಳಿವೆ. ಎಂಟಿ ಟೈರಿನ ಆಳವಾದ ಗಡ್ಡೆಗಳು ಕಣ್ಣಿಗೆ ಗಂಭೀರವಾಗಿ ಕಾಣುತ್ತವೆ. ಆದರೆ ಒದ್ದೆಯಾದ ಡಾಂಬರು, ಕಾಂಕ್ರೀಟಿನ ಮೇಲೆ ನೆಲಕ್ಕೆ ತಾಗುವ ರಬ್ಬರು ಕಡಿಮೆಯಾಗಿ ಹಿಡಿತ ಸಡಿಲುತ್ತದೆ, ಸದ್ದೂ ಹೆಚ್ಚು. ವಾರದಲ್ಲಿ ಆರು ದಿನ ನಗರದ ರಿಂಗ್ ರಸ್ತೆಯಲ್ಲಿ, ಒಂದು ದಿನ ಹೊಲದಲ್ಲಿ ಓಡುವ ವಾಹನಕ್ಕೆ ಅದು ಯೋಗ್ಯವಲ್ಲ. ಎರೆ ಮಣ್ಣಿನ ಸ್ವಭಾವವೂ ಬೇರೆ. ನೆನೆದ ಎರೆ ಚಕ್ರಕ್ಕೆ ಮೆತ್ತಿಕೊಂಡು ಅಚ್ಚಿನ ಸಂದುಗಳನ್ನೆಲ್ಲ ತುಂಬಿಬಿಡುತ್ತದೆ. ಆಗ ಯಾವ ಟೈರಾದರೂ ನುಣುಪಾದ ಉರುಳೆಯೇ. ಮಳೆಗಾಲದಲ್ಲಿ ಹೊಲಕ್ಕೆ ಬಂಡಿ ಇಳಿಸಬಾರದೆಂಬುದು ಇಲ್ಲಿನ ರೈತರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಅಗಲದ ಟೈರು ಮೆತ್ತನೆಯ ನೆಲದಲ್ಲಿ ಭಾರವನ್ನು ಹಂಚಿ ಹೂತುಹೋಗುವುದನ್ನು ತಡೆಯುತ್ತದೆ ಎಂಬುದು ನಿಜ. ಅದೇ ಟೈರು ನೀರು ನಿಂತ ಹೆದ್ದಾರಿಯಲ್ಲಿ ನೀರಿನ ಪದರದ ಮೇಲೆ ಬೇಗನೆ ತೇಲುತ್ತದೆ ಎಂಬುದೂ ಅಷ್ಟೇ ನಿಜ. ಒದ್ದೆ ನೆಲದ ಹಿಡಿತ, ಉರುಳುವ ತಡೆ, ಸದ್ದು ಇವುಗಳಿಗೆ ಎಐಎಸ್ 142 ಎಂಬ ಮಾನದಂಡವನ್ನು ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ ಅಧಿಸೂಚನೆಯ ಮೂಲಕ ಜಾರಿಗೆ ತಂದಿತು. ದರ ಕೇಳುವ ಮುನ್ನ ಟೈರಿನ ಮೇಲೆ ಐಎಸ್‌ಐ ಮುದ್ರೆ ಇದೆಯೇ ಎಂದು ನೋಡುವುದು ಲೇಸು. ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುವ ನಾಲ್ಕು ಅಂಕಿಗಳೂ ಪಕ್ಕೆಯ ಮೇಲಿರುತ್ತವೆ. 2324 ಎಂದಿದ್ದರೆ ಅದು 2024ರ 23ನೇ ವಾರದ್ದು. ಅಪರೂಪದ ಗಾತ್ರದ ಟೈರು ಗೋದಾಮಿನಲ್ಲಿ ಬಹುಕಾಲ ಕೊಳೆತಿರುವ ಸಂಭವ ಹೆಚ್ಚು ಎಂಬುದನ್ನು ಮರೆಯಬಾರದು.

ಬಿಸಿಲಿನ ಜಿಲ್ಲೆಯಲ್ಲಿ ಗಾಳಿಯ ಲೆಕ್ಕಕ್ಕೆ ವಿಶೇಷ ಮಹತ್ವವಿದೆ. ಉಷ್ಣಾಂಶ 5ರಿಂದ 6 ಡಿಗ್ರಿ ಏರಿದರೆ ಟೈರಿನೊಳಗಿನ ಒತ್ತಡ ಸುಮಾರು ಒಂದು ಪಿಎಸ್‌ಐ, ಅಂಗಡಿಯವರ ಮಾತಿನಲ್ಲಿ ಒಂದು ಪಾಯಿಂಟ್, ಏರುತ್ತದೆ. ಓಡಿ ಬಂದ ಬಿಸಿ ಟೈರಿನಲ್ಲಿ ಗಾಳಿ ಹೆಚ್ಚಾಯಿತೆಂದು ಬಿಡಿಸುವುದು ತಪ್ಪು. ತಣ್ಣಗಾದ ಮೇಲೆ ಅದು ಕೊರತೆಯಾಗುತ್ತದೆ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ. ಬೇಸಿಗೆಯಲ್ಲಿ ಟೈರು ಸಿಡಿಯಲು ಗಾಳಿ ಹೆಚ್ಚಿದ್ದೇ ಕಾರಣವೆಂದು ಜನ ಭಾವಿಸುವುದುಂಟು. ಆದರೆ ಹಲವು ಬಾರಿ ಗಾಳಿ ಕಡಿಮೆಯಿದ್ದು ಭಾರ, ವೇಗ ಹೆಚ್ಚಿದ್ದೇ ಕಾರಣ. ಬೆಳಗಿನ ತಂಪಿನಲ್ಲಿ, ವಾಹನ ಹೊರಡುವ ಮುನ್ನ ಪರೀಕ್ಷಿಸುವುದೇ ಸರಿಯಾದ ಕ್ರಮ.

ಕಾನೂನಿನ ಗೆರೆ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕೆ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ಕಲಮನ್ನು ಕಟ್ಟುನಿಟ್ಟಾಗಿ ಅರ್ಥೈಸಿ, ತಯಾರಕರ ಮೂಲ ನಿರ್ದೇಶನಕ್ಕೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲ ಎಂದಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ನೀಡಿದೆ.

ತಯಾರಕರೇ ಒಪ್ಪಿದ ಗಾತ್ರಕ್ಕೆ ಬದಲಿಸುವವರಿಗೆ ಈ ಭಯ ಬೇಕಿಲ್ಲ. ಮೈಯಿಂದ ಹೊರಚಾಚುವ ಟೈರು, ಎತ್ತರಿಸಿದ ಸಸ್ಪೆನ್ಷನ್, ಕತ್ತರಿಸಿದ ಮಡ್‌ಗಾರ್ಡುಗಳ ಮಾತು ಬೇರೆ. ದಂಡಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದೆ ಮುಚ್ಚಿಟ್ಟಿದ್ದರೆ, ಅಪಘಾತವಾದ ದಿನ ಪರಿಹಾರದ ಅರ್ಜಿಗೆ ತಕರಾರು ಏಳಬಹುದು. ವಾರಂಟಿಯ ಅವಧಿಯಲ್ಲಿ ಬೇರಿಂಗು, ಸ್ಟೀರಿಂಗು ಕೆಟ್ಟರೆ ಅಲ್ಲೂ ಅದೇ ತಕರಾರು. ಕಂಪನಿಯ ಪಟ್ಟಿಯಲ್ಲಿಲ್ಲದ ಗಾತ್ರವನ್ನು ಹಾಕಿಸಲೇಬೇಕೆಂದಿರುವವರು ಮೊದಲು ತಯಾರಕರ ಮತ್ತು ವಿಮಾ ಕಂಪನಿಯ ಉತ್ತರವನ್ನು ಬರಹದಲ್ಲಿ ಪಡೆಯುವುದು ಒಳಿತು. ಅಂಗಡಿಯವನ ‘ಏನೂ ಆಗಲ್ಲ’ ಎಂಬ ಭರವಸೆ ಆ ದಿನ ನೆರವಿಗೆ ಬಾರದು.

ಹಳ್ಳ ಕಲಿಸುವ ಪಾಠ

ದೊಡ್ಡ ಟೈರಿನ ನಿಜವಾದ ಅಪಾಯ ಯಂತ್ರಕ್ಕಿಂತ ಮನಸ್ಸಿನಲ್ಲಿದೆ. ವಾಹನ ಎತ್ತರವಾಯಿತೆಂಬ ನಂಬಿಕೆ ಚಾಲಕನಿಗೆ ಇಲ್ಲದ ಧೈರ್ಯ ತುಂಬುತ್ತದೆ. ಈ ಜಿಲ್ಲೆಯಲ್ಲಿ ಆ ಧೈರ್ಯದ ಪರೀಕ್ಷೆ ನಡೆಯುವುದು ಹಳ್ಳಗಳಲ್ಲಿ. 2020ರ ಅಕ್ಟೋಬರಿನಲ್ಲೂ 2025ರ ಸೆಪ್ಟೆಂಬರಿನಲ್ಲೂ ಭೀಮಾ ನದಿಯ ಪ್ರವಾಹ ಕಲಬುರಗಿ ಜಿಲ್ಲೆಯ ಹಳ್ಳಿಗಳನ್ನು ನುಗ್ಗಿ ಕಾಡಿತು. ನದಿ ದೂರವಿರುವ ಊರುಗಳಲ್ಲೂ ಒಂದು ರಾತ್ರಿಯ ಮಳೆಗೆ ತಗ್ಗಿನ ಸೇತುವೆಗಳು ಮುಳುಗಿ ರಸ್ತೆ ಕಡಿದುಹೋಗುವುದುಂಟು.

ರಭಸದ ನೀರು 12 ಇಂಚು ಇದ್ದರೆ ಬಹುತೇಕ ಕಾರುಗಳನ್ನು, 24 ಇಂಚು ಇದ್ದರೆ ಎಸ್‌ಯುವಿ ಮತ್ತು ಟ್ರಕ್ಕುಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು ಎಂದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಎಚ್ಚರಿಸುತ್ತದೆ. ಅದರ ಮುಂದೆ ದೊಡ್ಡ ಟೈರು ಗಳಿಸಿಕೊಡುವ ಅರ್ಧ ಇಂಚು ಯಾವ ಲೆಕ್ಕ? ಗಾಳಿ ತುಂಬಿದ ದೊಡ್ಡ ಟೈರು ನೀರಿನಲ್ಲಿ ವಾಹನವನ್ನು ಎತ್ತಿಹಿಡಿಯುವ ಬದಲು ತೇಲಿಸಲು ನೆರವಾಗುತ್ತದೆ. ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ನೀರು ದಾಟುವ ಮಿತಿ ನಿಲ್ಲುತ್ತದೆ. ಟೈರು ಬದಲಿಸಿದ ಮಾತ್ರಕ್ಕೆ ಆ ಮಿತಿ ಮೇಲೇರುವುದು ಅದೇ ಬೆರಳಿನಷ್ಟು.

ಒಟ್ಟಿನಲ್ಲಿ, ಕಲಬುರಗಿ ಮತ್ತು ಕಮಲಾಪುರದಂಥ ನೆಲದಲ್ಲಿ ಓಡುವ ದೊಡ್ಡ ಎಸ್‌ಯುವಿಗೆ ಬೇಕಾದುದು ಹೆಚ್ಚು ಎತ್ತರದ ಚಕ್ರವಲ್ಲ, ಹೆಚ್ಚು ರಬ್ಬರಿರುವ ಚಕ್ರ. 18 ಇಂಚಿನ ರಿಮ್ಮಿನ ಮೋಹ ಬಿಟ್ಟು, ಅದೇ ಮಾದರಿಗೆ ಕಂಪನಿ ಒಪ್ಪಿದ 17 ಇಂಚಿನ ರಿಮ್ಮು, ಎತ್ತರದ ಪಕ್ಕೆ, ಮೂಲಕ್ಕೆ ಕಡಿಮೆಯಿಲ್ಲದ ಭಾರದ ಸೂಚ್ಯಂಕ, ಎಟಿ ಬಗೆಯ ಅಚ್ಚು ಇವಿಷ್ಟನ್ನು ಆರಿಸಿಕೊಂಡರೆ ಗುಂಡಿಯ ಏಟೂ ತಡೆಯುತ್ತದೆ, ಕಾನೂನಿನ ತೊಡಕೂ ಇಲ್ಲ, ಮೀಟರೂ ಸುಳ್ಳು ಹೇಳುವುದಿಲ್ಲ. ಆ ರಿಮ್ಮು ತಮ್ಮ ಅವತರಣಿಕೆಯ ಬ್ರೇಕಿಗೆ ತಾಗದೆ ಕೂರುತ್ತದೆಯೇ ಎಂದು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಖಚಿತಪಡಿಸಿಕೊಂಡರಾಯಿತು. ಅಗಲ ಹೆಚ್ಚಿಸುವುದಾದರೆ 10 ಮಿ.ಮೀ.ಗೆ, ವ್ಯಾಸ ಹೆಚ್ಚಿಸುವುದಾದರೆ ಶೇ. 3ರೊಳಗೆ ನಿಲ್ಲಿಸುವುದು ವಿವೇಕ.

ರಸ್ತೆಗಳು ಹದಗೆಟ್ಟಿವೆ ಎಂಬ ಕಾರಣಕ್ಕೆ ಪ್ರತಿಯೊಬ್ಬರೂ ತಮ್ಮ ವಾಹನವನ್ನು ಎತ್ತರಿಸಿಕೊಳ್ಳಲು ಹೊರಡುವುದು ರೋಗಕ್ಕೆ ಮದ್ದಲ್ಲ. ಗುಂಡಿ ಮುಚ್ಚಿಸುವ, ತಗ್ಗು ಸೇತುವೆಗಳನ್ನು ಎತ್ತರಿಸುವ ಹೊಣೆ ಆಡಳಿತದ್ದು. ಅದನ್ನು ಕೇಳಿ ಪಡೆಯುವ ಹಕ್ಕು, ಬೊಲೆರೊದಲ್ಲಿ ಹೋಗುವವರಿಗೂ ಬಸ್ಸಿನಲ್ಲಿ ಹೋಗುವವರಿಗೂ, ನಾಗರಿಕರೆಲ್ಲರದ್ದು. ಅಲ್ಲಿಯತನಕ ಹಳ್ಳ ತುಂಬಿ ಹರಿಯುವಾಗ ವಾಹನವನ್ನು ದಂಡೆಯಲ್ಲೇ ನಿಲ್ಲಿಸಿ ನೀರಿಳಿಯುವವರೆಗೆ ಕಾಯುವ ತಾಳ್ಮೆಯೇ ಯಾವ ಟೈರಿಗಿಂತಲೂ ಗಟ್ಟಿಯಾದ ರಕ್ಷಣೆ.